ಬೊಸ್ಕೊರೆಯಾಲೆಯ ರೋಮನ್ ಚಿನ್ನದ ನಾಣ್ಯಗಳು ಒಂದೇ ಕಡೆ ಏಕೆ ಉಳಿಯಲಿಲ್ಲ?

ನಿಧಿ ಖಾಸಗಿ ಜಮೀನಿನಲ್ಲಿ ಸಿಕ್ಕಿತು ಮತ್ತು ಪಟ್ಟಿಯಾಗುವ ಮೊದಲೇ ಮಾರಾಟಕ್ಕೆ ಹೋಯಿತು ಎಂಬುದೇ ಮುಖ್ಯ ಕಾರಣ. ಇಟಲಿಯ ಪೊಂಪೆಯಿ ಸಮೀಪದ ಈ ಊರಿನ ಒಂದು ತೋಟದ ಮನೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿತ್ತು. 1895ರ ಏಪ್ರಿಲ್‌ನಲ್ಲಿ ಅಲ್ಲಿ ಅಗೆದಾಗ, ದ್ರಾಕ್ಷಾರಸ ತಯಾರಿಸುವ ಕೋಣೆಯ ತೊಟ್ಟಿಯೊಳಗೆ ಒಂದು ಅಸ್ಥಿಪಂಜರವೂ ನೂರಕ್ಕೂ ಹೆಚ್ಚು ಬೆಳ್ಳಿಯ ಸಾಮಾನುಗಳೂ ಸಾವಿರಕ್ಕೂ ಮಿಕ್ಕ ಚಿನ್ನದ ನಾಣ್ಯಗಳೂ ದೊರೆತವು.

ಬೆಳ್ಳಿಯೂ ನಾಣ್ಯಗಳೂ ಗುಟ್ಟಾಗಿ ಇಟಲಿಯ ಗಡಿ ದಾಟಿ ಪ್ಯಾರಿಸ್ ಸೇರಿದವು. ಬೆಳ್ಳಿಯ ಬಹುಭಾಗವನ್ನು ಫ್ರಾನ್ಸಿನ ಬ್ಯಾಂಕರ್ ಮನೆತನದ ಎಡ್ಮಂಡ್ ಡಿ ರಾತ್‌ಶೀಲ್ಡ್ ಕೊಂಡು ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟದ್ದರಿಂದ, ಅಸ್ಥಿಪಂಜರಗಳ ಚಿತ್ರ ಕೆತ್ತಿದ ಬಟ್ಟಲುಗಳನ್ನು ನಾವು ಇಂದಿಗೂ ಅಲ್ಲಿ ನೋಡಬಹುದು. ಆದರೆ ಒಂದೊಂದಾಗಿ ಸುಲಭವಾಗಿ ಮಾರಬಹುದಾದ ನಾಣ್ಯಗಳಿಗೆ ಆ ಭಾಗ್ಯ ಬರಲಿಲ್ಲ. ಅವು ವ್ಯಾಪಾರಿಗಳ ಕೈಯಿಂದ ಜಗತ್ತಿನ ನಾನಾ ಸಂಗ್ರಹಗಳಿಗೆ ಹಂಚಿಹೋದವು.

ಆ ನಾಣ್ಯಗಳಲ್ಲಿ ಕೆಲವಕ್ಕೆ ಅಂಚಿನಲ್ಲಿಯೂ ಅಕ್ಷರಗಳ ಸಂದಿನಲ್ಲಿಯೂ ಕೆಂಪು-ನೇರಳೆ ಛಾಯೆ ಹತ್ತಿರುತ್ತದೆ. ಇಂದು ಹರಾಜುಗಳಲ್ಲಿ ಆ ಬಣ್ಣವನ್ನೇ ನೋಡಿ ‘ಬೊಸ್ಕೊರೆಯಾಲೆಯದು’ ಎನ್ನುವುದುಂಟು. ನನ್ನ ದೃಷ್ಟಿಯಲ್ಲಿ ಬಣ್ಣವೊಂದೇ ಸಾಕಷ್ಟು ಪುರಾವೆಯಲ್ಲ; ಯಾವ ನಾಣ್ಯ ಯಾವುದರ ಜೊತೆಗಿತ್ತೆಂಬ ದಾಖಲೆಯೇ ನಿಜವಾದ ಸಂಪತ್ತು, ಮತ್ತು ಇಲ್ಲಿ ಕಳೆದುಹೋದದ್ದು ಅದೇ.