ಏಳು ಲೋಟ ಕಾಫಿಯಿಂದ ಎರಡಕ್ಕೆ ಬಂದ ದಾರಿ

ದಿನಕ್ಕೆ ಆರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎರಡು ಸಲ ಪೂರ್ತಿ ಬಿಡಲು ಹೋಗಿ ಮರುದಿನವೇ ತಲೆನೋವು ತಾಳಲಾರದೆ ಮತ್ತೆ ಶುರು ಮಾಡಿದೆ, ನನ್ನಲ್ಲಿ ಮನೋಬಲವೇ ಇಲ್ಲವೇ ಎಂದು ಕೇಳಿದ್ದೀರಿ. ಮೊದಲು ಆ ಕೊನೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಮನೋಬಲ ಎಷ್ಟಿದ್ದರೂ ಆ ತಲೆನೋವು ಬಂದೇ ಬರುತ್ತದೆ. ನೀವು ಮಾಡಿದ ತಪ್ಪು ಒಂದೇ: ಕಾಫಿ, ಸಕ್ಕರೆ ಎಂಬ ಎರಡು ಬೇರೆ ಬೇರೆ ಗಂಟುಗಳನ್ನು ಒಂದೇ ದಿನ, ಒಂದೇ ಎಳೆತಕ್ಕೆ ಬಿಚ್ಚಲು ಹೋದಿರಿ.

ನಾನು ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವಯಸ್ಸು 46. ತವರು ತೀರ್ಥಹಳ್ಳಿಯ ಕಡೆ, ಅಂದರೆ ಕಾಫಿ ಕುಡಿದೇ ಬೆಳೆದವಳು. ಎರಡು ವರ್ಷದ ಹಿಂದಿನವರೆಗೆ ದಿನಕ್ಕೆ ಏಳು ಲೋಟ ಆಗುತ್ತಿತ್ತು. ಒಂದು ನವೆಂಬರಿನಲ್ಲಿ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಲ್ಯಾಬಿನಲ್ಲಿ ಜನ ತುಂಬಿ ತಡವಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಎರಡು ಕಣ್ಣುಗಳ ಹಿಂದೆ ಯಾರೋ ಹೆಬ್ಬೆರಳು ಒತ್ತಿದಂತೆ ನೋವು. ಪ್ರತಿ ವರ್ಷ ಶಿವರಾತ್ರಿಯ ಉಪವಾಸದಲ್ಲೂ ಇದೇ ನೋವು ಬರುತ್ತಿತ್ತು, ಹಸಿವಿನಿಂದ ಎಂದುಕೊಂಡಿದ್ದೆ. ಅಂದು ರಕ್ತ ಕೊಟ್ಟು ಹೊರಗೆ ಬಂದು ಕಾಫಿ ಒಂದನ್ನೇ ಕುಡಿದೆ, ತಿಂಡಿ ಮುಟ್ಟಲಿಲ್ಲ. ಅರ್ಧ ಗಂಟೆಯಲ್ಲಿ ನೋವು ಮಾಯ. ಅದು ಹಸಿವಿನ ನೋವಾಗಿದ್ದರೆ ಬರೀ ಕಾಫಿಗೆ ಹಾಗೆ ಹೋಗುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಸಂಜೆ ಫಲಿತಾಂಶ ಬಂತು: ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರು ವೈದ್ಯರು.

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ದಣಿವು, ನಿದ್ದೆ ತರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಕಾಫಿಯಲ್ಲಿರುವ ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ತಿಳಿಯುವುದಿಲ್ಲ ಅಷ್ಟೆ. ದಿನವೂ ಹೀಗೆ ಮಾಡಿದರೆ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಕಾಫಿ ನಿಂತರೆ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ, ಸಿಡುಕು ಬರುತ್ತದೆ. ಕೊನೆಯ ಲೋಟದ ನಂತರ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನದಲ್ಲಿ ತಾರಕಕ್ಕೇರಿ, ಹೆಚ್ಚೆಂದರೆ ಒಂಬತ್ತು ದಿನದಲ್ಲಿ ಇಳಿಯುತ್ತದೆ. ನೀವು ಎರಡು ಸಲವೂ ಕೈಬಿಟ್ಟದ್ದು ಸರಿಯಾಗಿ ಆ ತಾರಕದ ಹೊತ್ತಿನಲ್ಲಿ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಒಂದು ಸ್ಥಿತಿಯೆಂದೇ ಸೇರಿಸಿದೆ. ಸಕ್ಕರೆಗೆ ಅಂಥ ಸ್ಥಾನ ಆ ಕೈಪಿಡಿಯಲ್ಲಿ ಇಲ್ಲ. ನನ್ನ ಅನುಭವವೂ ಅದನ್ನೇ ಹೇಳುತ್ತದೆ: ಕಾಫಿ ದೇಹದ ಹಟ, ಸಕ್ಕರೆ ಹೆಚ್ಚಾಗಿ ನಾಲಿಗೆಯ ರೂಢಿ. ಬಿಡಿಸುವ ಬಗೆಯೂ ಬೇರೆ.

ಲೆಕ್ಕ ಮಾಡಿ ನೋಡಿದೆ. ಏಳು ಲೋಟಕ್ಕೆ ಹದಿನಾಲ್ಕು ಚಮಚ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 56 ಗ್ರಾಂ. ಬಿಸ್ಕತ್ತು, ಹಬ್ಬದ ಸಿಹಿ ಇದರಲ್ಲಿ ಸೇರಿಲ್ಲ. ನಾವು ಸೇರಿಸಿಕೊಳ್ಳುವ ಸಕ್ಕರೆ ದಿನದ ಶಕ್ತಿಯ ನೂರಕ್ಕೆ ಹತ್ತರಷ್ಟನ್ನು ಮೀರಬಾರದು, ಐದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಐದು ಎಂದರೆ ಸುಮಾರು 25 ಗ್ರಾಂ, ಆರು ಚಮಚ. ನಾನು ಅದರ ಎರಡು ಪಟ್ಟಿಗೂ ಹೆಚ್ಚನ್ನು ಬರೀ ಕಾಫಿಯಲ್ಲೇ ಕುಡಿಯುತ್ತಿದ್ದೆ. ಸಿಹಿ ಅಷ್ಟಾಗಿ ತಿನ್ನುವವಳಲ್ಲ ಎಂದು ನನ್ನನ್ನು ನಾನು ನಂಬಿಕೊಂಡಿದ್ದೆ.

ಡಿಸೆಂಬರ್ ಒಂದರಿಂದ ಶುರು ಮಾಡಿದೆ. ಮನೆಯವರೆಲ್ಲರ ಕಾಫಿ ಹಾಳು ಮಾಡುವುದು ಬೇಡವೆಂದು ನನಗೆಂದೇ ಪುಟ್ಟ ಹಿತ್ತಾಳೆ ಫಿಲ್ಟರ್ ಬೇರೆ ಇಟ್ಟುಕೊಂಡೆ. ರಾತ್ರಿ ಅದಕ್ಕೆ ನಾಲ್ಕು ಚಮಚ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿನೀರು ಸುರಿದು ಮುಚ್ಚುವುದು. ಮಲಗುವ ಮುಂಚೆ ದೀಪ ಆರಿಸಿದಾಗ ಕತ್ತಲಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತದೆ. ಈ ಕ್ರಮ ನನಗೆ ಪ್ರಿಯ, ಅದನ್ನು ಬಿಡಲಿಲ್ಲ. ಬದಲಿಸಿದ್ದು ಪುಡಿಯನ್ನು. ಐದು ದಿನಕ್ಕೊಮ್ಮೆ ಅರ್ಧ ಚಮಚ ಕಾಫಿಪುಡಿ ತೆಗೆದು ಅಷ್ಟೇ ಚಿಕೋರಿ ಹಾಕಿದೆ. ಚಿಕೋರಿ ಹುರಿದ ಬೇರಿನ ಪುಡಿ, ಅದರಲ್ಲಿ ಕೆಫೀನ್ ಇಲ್ಲ. ಬಣ್ಣ ಮತ್ತು ಕಹಿ ಉಳಿಯುತ್ತದೆ. ಪುಡಿಯ ಅಂಗಡಿಯಲ್ಲಿ ರೋಬಸ್ಟಾ ತಳಿಯ ಬೀಜ ಬೇಡ, ಅರೇಬಿಕಾ ತಳಿಯದು ಮಾತ್ರ ಬೀಸಿಕೊಡಿ ಎಂದು ಕೇಳಿದೆ. ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಹೀಗೆ ಲೋಟ ಕಡಿಮೆ ಮಾಡುವ ಮೊದಲೇ ಕೆಫೀನ್ ಇಳಿಯಿತು. ತಲೆ ಒಂದೆರಡು ಸಲ ಭಾರವೆನಿಸಿತು, ಸಿಡಿಯಲಿಲ್ಲ. ಆಮೇಲೆ ಲೋಟಗಳನ್ನು ಒಂದೊಂದಾಗಿ ತೆಗೆದೆ, ಸಂಜೆಯದನ್ನು ಮೊದಲು.

ಸಂಜೆಯದು ಏಕೆ ಮೊದಲು ಎಂದರೆ, ಇದರಲ್ಲೇ ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಸಿಕ್ಕಿತು. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಗೆ ಕುಡಿದರೆ ರಾತ್ರಿ ಹತ್ತೂವರೆಗೂ ಅರ್ಧ ಲೋಟ ಮೈಯಲ್ಲೇ ಇರುತ್ತದೆ. ಹನ್ನೆರಡಕ್ಕೆ ನಿದ್ದೆ, ಐದೂವರೆಗೆ ಎದ್ದೇಳುವುದು, ಎದ್ದ ಕೂಡಲೇ ತಲೆಗೆ ಮಂಕು, ಮಂಕಿಗೆ ಕಾಫಿ. ವರ್ಷಗಟ್ಟಲೆ ನಾನು ಈ ಗಾಣದಲ್ಲೇ ತಿರುಗುತ್ತಿದ್ದೆ. ಮಧ್ಯಾಹ್ನ ಎರಡರ ನಂತರ ಕಾಫಿ ಇಲ್ಲ ಎಂದು ಗೆರೆ ಎಳೆದ ಎರಡನೇ ವಾರದಲ್ಲಿ ಹತ್ತೂವರೆಗೆ ತಾನಾಗಿ ಕಣ್ಣು ಮುಚ್ಚತೊಡಗಿತು. ಬೆಳಿಗ್ಗೆ ಮಂಕು ಇಲ್ಲದ ಮೇಲೆ ಬೆಳಗಿನ ಎರಡನೆಯ ಲೋಟ ಬೇಕೆನಿಸಲೇ ಇಲ್ಲ.

ಕಷ್ಟವಾದದ್ದು ನಾಲ್ಕು ಗಂಟೆಯ ಶಿಕ್ಷಕರ ಕೊಠಡಿ. ಫ್ಲಾಸ್ಕಿನಲ್ಲಿ ಸಕ್ಕರೆ ಬೆರೆಸಿಯೇ ಬರುವ ಕಾಫಿ, ಸುತ್ತ ಮಾತು. ನನಗೆ ಬೇಕಿದ್ದದ್ದು ಆ ಕಾಫಿಯೋ, ನಾಲ್ಕು ತರಗತಿ ನಿಂತು ಪಾಠ ಮಾಡಿದ ಮೇಲೆ ಹತ್ತು ನಿಮಿಷ ಕೂರುವುದೋ ಎಂದು ಯೋಚಿಸಿದೆ. ಮನೆಯಿಂದ ಬಾಟಲಿಯಲ್ಲಿ ನೀರುಮಜ್ಜಿಗೆ ತಂದು ಅದೇ ಕುರ್ಚಿಯಲ್ಲಿ ಅವರ ಜೊತೆಯಲ್ಲೇ ಕೂತೆ. ಒಂದು ವಾರ ಎಲ್ಲರೂ ಕಾರಣ ಕೇಳಿದರು, ಆಮೇಲೆ ಸುಮ್ಮನಾದರು. ಈಗ ಇಬ್ಬರು ಮಜ್ಜಿಗೆ ತರುತ್ತಾರೆ.

ಸಕ್ಕರೆಯನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿಕೊಂಡೆ. ಲೋಟಕ್ಕೆ ಎರಡು ಚಮಚ ಇದ್ದದ್ದು ಒಂದೂವರೆ, ವಾರದ ನಂತರ ಒಂದು, ಆಮೇಲೆ ಅರ್ಧ. ಹಾಕದೆ ಉಳಿಸಿದ ಸಕ್ಕರೆಯನ್ನು ಅಲ್ಲೇ ಒಲೆಯ ಪಕ್ಕದಲ್ಲಿದ್ದ ಗಾಜಿನ ಬಾಟಲಿಗೆ ಹಾಕುತ್ತಾ ಹೋದೆ. ಮೊದಲು ಅತ್ತೆಗೆ ಇದು ಹಿಡಿಸಲಿಲ್ಲ. "ಬಾಯಿಗೆ ರುಚಿ ಇಲ್ಲದ್ದನ್ನು ಕುಡಿದು ಏನು ಬಂತಮ್ಮ" ಎಂದರು. ಸಂಕ್ರಾಂತಿಯ ಹೊತ್ತಿಗೆ ಬಾಟಲಿ ತುಂಬಿ ಎರಡನೆಯದು ಬಂದಿತ್ತು. ತೂಗಿದರೆ ಮುಕ್ಕಾಲು ಕೆಜಿಗೂ ಮಿಗಿಲು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಏನೂ ಹೇಳಲಿಲ್ಲ. ಆ ವರ್ಷ ಎಳ್ಳು ಬೀರಲು ಸಕ್ಕರೆ ಅಚ್ಚು ಮಾಡಿದ್ದು ಅದೇ ಸಕ್ಕರೆಯಲ್ಲಿ. ಈಗ ಅವರೂ ಅರ್ಧ ಚಮಚಕ್ಕೆ ಇಳಿದಿದ್ದಾರೆ.

ಬೆಲ್ಲದ ಬಗ್ಗೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನಮ್ಮ ತವರಿನಲ್ಲಿ ಬೆಲ್ಲದ ಕಾಫಿಯೇ, ಅದರ ಪರಿಮಳ ನನಗೆ ಇಂದಿಗೂ ಇಷ್ಟ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಅದರ ಹೆಸರು ತಿಳಿಯದು. ಕಷಾಯ ಒಳ್ಳೆಯ ಬದಲಿ: ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸ್ವಲ್ಪ ಮೆಂತ್ಯ ಹುರಿದು ಪುಡಿ ಮಾಡಿಟ್ಟುಕೊಂಡರೆ ಆಯಿತು. ಅದಕ್ಕೂ ಎರಡು ಉಂಡೆ ಬೆಲ್ಲ ಹಾಕಿದರೆ ಮಾತ್ರ ಹಳೆಯ ಜಾಗಕ್ಕೇ ಮರಳಿದಂತೆ. ಸಕ್ಕರೆಯ ಬದಲು ಹಾಕುವ ಸಿಹಿಗುಳಿಗೆಗಳನ್ನು ನಾನು ಮುಟ್ಟಲಿಲ್ಲ, ನಾಲಿಗೆ ಅದೇ ಸಿಹಿಯನ್ನು ಕೇಳುತ್ತಲೇ ಇರುತ್ತದೆ. ತೂಕ ಇಳಿಸಲೆಂದು ಅವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ನೀವು ಪೂರ್ತಿ ಬಿಡಲೇಬೇಕೆಂದು ನನಗೆ ಅನಿಸುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬೇಡಿ ಎಂದಿದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಕಾಫಿ, ಚಹಾ ಬೇಡ ಎಂದೂ ಇದೆ, ಏಕೆಂದರೆ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಅವು ತಡೆಯುತ್ತವೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದೊಂದನ್ನಾದರೂ ಪಾಲಿಸಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಎರಡು ಎಚ್ಚರಿಕೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿಯೇ ಸಕ್ಕರೆ ಇಳಿಸಿ, ಇಲ್ಲವಾದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯಬಹುದು. ತಲೆನೋವಿಗೆ ಮಾತ್ರೆ ನುಂಗುವ ಮುಂಚೆ ಹಿಂಬದಿಯ ಬರಹ ಓದಿ. ಕೆಲವು ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ.

ನಡುವೆ ತಪ್ಪಿದ್ದೂ ಉಂಟು. ತವರಿಗೆ ಹೋದಾಗ ಅಮ್ಮ ಮಾಡಿಕೊಟ್ಟ ಬೆಲ್ಲದ ಕಾಫಿ ಮೂರು ದಿನ ಕುಡಿದೆ, ಹಿಂದಿರುಗಿ ನನ್ನ ಫಿಲ್ಟರಿಗೆ ಮರಳಿದೆ. ಯಾರ ಮನೆಗಾದರೂ ಹೋದರೆ "ಅರ್ಧ ಲೋಟ ಸಾಕು, ಸಕ್ಕರೆ ಬೇಡ" ಎಂದು ಅವರು ಒಲೆ ಹಚ್ಚುವ ಮೊದಲೇ ಹೇಳುತ್ತೇನೆ. ಬೆರೆಸಿ ತಂದ ಮೇಲೆ ಬೇಡವೆಂದರೆ ಅವರಿಗೂ ಬೇಸರ.

ಈಗ ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಎರಡೂ ಸಕ್ಕರೆ ಇಲ್ಲದವು. ಮಾರ್ಚಿನಲ್ಲಿ ಎಚ್‌ಬಿಎ1ಸಿ 5.8ಕ್ಕೆ ಬಂತು, ಜೊತೆಗೆ ಬೆಳಗಿನ ನಡಿಗೆಯೂ ಇತ್ತು. ಅದಕ್ಕೂ ಮೊದಲು ಶಿವರಾತ್ರಿ ಬಂದಿತ್ತು. ಹಿಂದಿನಂತೆಯೇ ನಿರಾಹಾರ, ಕಾಫಿಯೂ ಇಲ್ಲ. ಮಧ್ಯಾಹ್ನ ಹಸಿವಾಯಿತು, ಸಂಜೆ ಇನ್ನೂ ಹಸಿವಾಯಿತು. ದೇವಸ್ಥಾನದಲ್ಲಿ ರುದ್ರ ಹೇಳುವುದನ್ನು ಕೇಳುತ್ತಾ ರಾತ್ರಿ ಹನ್ನೊಂದರವರೆಗೆ ಕೂತಿದ್ದೆ. ಗಂಟೆಯ ಸದ್ದು ಕಿವಿಯ ಪಕ್ಕದಲ್ಲೇ ಆಗುತ್ತಿದ್ದರೂ ತಲೆ ನೋಯಲಿಲ್ಲ.