ಹತ್ತನೇ ಕ್ಲಾಸು ದಾವಣಗೆರೆಯಲ್ಲೇ ಮುಗಿಯಲಿ

ನಮಸ್ಕಾರ ಸರ್. ಪುಣೆ ಹತ್ತಿರದ ಚಾಕಣ್‌ನ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ದಾವಣಗೆರೆ ಬಿಡುತ್ತೀರಿ. ಮಗಳು ಒಂಬತ್ತರಲ್ಲಿ ಶೇಕಡಾ 91 ತೆಗೆದಿದ್ದಾಳೆ. ಈಗಲೇ ಪುಣೆಗೆ ಕರೆತಂದು ಹತ್ತನೇ ಕ್ಲಾಸಿಗೆ ಸೇರಿಸಿದರೆ ಮುಂದೆ ಇಲ್ಲಿನ ಹೆಸರಾಂತ ಇಂಜಿನಿಯರಿಂಗ್ ಕಾಲೇಜು ಸಿಒಇಪಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಬಹುದಾ ಅಂತ ಕೇಳಿದ್ದೀರಿ.

ನಾನು ಮದುವೆಯಾಗಿ ಪುಣೆಯ ಕೋಥ್ರೂಡ್‌ಗೆ ಬಂದವಳು. ಇಬ್ಬರು ಮಕ್ಕಳ ಅಡ್ಮಿಷನ್ ಇಲ್ಲೇ ಮಾಡಿಸಿದ್ದೇನೆ, ಊರಿಂದ ಬಂದ ಎಷ್ಟೋ ಮನೆಯವರ ಫಾರಂ ತುಂಬಿಸಿದ್ದೇನೆ. ಅದರ ಮೇಲೆ ಹೇಳುವುದಾದರೆ, ಅಂಕದ ಮಾತು ಆಮೇಲೆ. ಯಾವ ರಾಜ್ಯ ನಿಮ್ಮ ಮಗಳನ್ನು ತನ್ನವಳು ಅಂತ ಒಪ್ಪುತ್ತದೆ, ಅದನ್ನು ಮೊದಲು ನೋಡಿ.

ಸಿಒಇಪಿಯ ಹೆಚ್ಚಿನ ಸೀಟು ಇಲ್ಲಿನ ರಾಜ್ಯ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿ ಮೇಲೆ ಮಹಾರಾಷ್ಟ್ರದ ಮಕ್ಕಳಿಗೆ ಹೋಗುತ್ತವೆ. ಆ ಲೆಕ್ಕಕ್ಕೆ ಬರಲು ಹತ್ತು, ಹನ್ನೆರಡು ಎರಡೂ ಇಲ್ಲಿ ಪಾಸಾದರೆ ಸಾಲದು. ಇಲ್ಲೇ ಹುಟ್ಟಿರಬೇಕು, ಇಲ್ಲವೇ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಅನ್ನುವ ಪ್ರಮಾಣಪತ್ರ ಇರಬೇಕು. ಡೊಮಿಸೈಲ್ ಕೊಡುವುದು 15 ವರ್ಷ ಇಲ್ಲಿ ಇದ್ದವರಿಗೆ. ನನ್ನ ಮಕ್ಕಳು ಪುಣೆಯಲ್ಲೇ ಹುಟ್ಟಿದವರು, ಹಾಗಾಗಿ ನಮಗೆ ಈ ತಲೆನೋವು ಬರಲಿಲ್ಲ. ತಂದೆ ತಾಯಿ ಕೇಂದ್ರ ಸರ್ಕಾರದ ನೌಕರಿಯಲ್ಲಿ ಇಲ್ಲಿಗೆ ವರ್ಗವಾಗಿ ಬಂದಿದ್ದರೆ ಬೇರೆ ದಾರಿ ಇದೆ. ನಿಮ್ಮದು ಖಾಸಗಿ ಕಂಪನಿ. ಹಾಗಾಗಿ ನಿಮ್ಮ ಮಗಳಿಗೆ ಉಳಿಯುವುದು ಅಖಿಲ ಭಾರತ ಕೋಟಾದ ಸಣ್ಣ ಪಾಲು, ಅದಕ್ಕೆ ನೋಡುವುದು ಇಡೀ ದೇಶದ ಪ್ರವೇಶ ಪರೀಕ್ಷೆ ಜೆಇಇ ಮೇನ್. ಅಲ್ಲಿ ಕಂಪ್ಯೂಟರ್ ಸೈನ್ಸ್ ಬೇಕೆಂದರೆ 99 ಪರ್ಸೆಂಟೈಲ್ ದಾಟಿದವರ ಜೊತೆ ಪೈಪೋಟಿ. ಒಂಬತ್ತನೇ ಕ್ಲಾಸಿನ 91 ನೋಡಿ ಅದನ್ನು ಯಾರೂ ಹೇಳಲಾರರು.

ಈಗ ಕರ್ನಾಟಕದ ಕಡೆ ನೋಡಿ. ಅಲ್ಲಿನ ಸಿಇಟಿ (ಕೆಸಿಇಟಿ) ಸೀಟಿಗೆ ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಅಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನು ಅಲ್ಲಿ ಪಾಸಾಗಿರಬೇಕು. ‘ಅಥವಾ’ ಇದೆ, ಗಮನಿಸಿ. ನಿಮ್ಮ ಮಗಳು ಆ ಏಳು ವರ್ಷದ ಓದು ಆಗಲೇ ಮುಗಿಸಿದ್ದಾಳೆ. ಎಸ್‌ಎಸ್‌ಎಲ್‌ಸಿ ದಾವಣಗೆರೆಯಲ್ಲಿ ಬರೆದುಬಿಟ್ಟರೆ ಆಮೇಲೆ ಪುಣೆಯಲ್ಲಿ ಹನ್ನೆರಡು ಮುಗಿಸಿದರೂ ಕೆಸಿಇಟಿ ಬಾಗಿಲು ತೆರೆದೇ ಇರುತ್ತದೆ. ಹತ್ತಕ್ಕೇ ಇಲ್ಲಿಗೆ ಕರೆತಂದು ಹನ್ನೆರಡೂ ಇಲ್ಲೇ ಮಾಡಿಸಿದರೆ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ, ತ್ರಿಶಂಕು ಸ್ಥಿತಿ. ಹೊರನಾಡು ಕನ್ನಡಿಗರಿಗೆ ಅಂತ ಬೇರೆ ಷರತ್ತು ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆದರೆ ನೇರ ದಾರಿ ಕಾಲಬುಡದಲ್ಲೇ ಇರುವಾಗ ಅದನ್ನು ನಂಬಿ ಯಾಕೆ ಬರಬೇಕು?

ಮಗಳು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅಥವಾ ಶಾಲೆ ಹಳ್ಳಿಯದಾಗಿದ್ದರೆ ಇನ್ನೂ ಹುಷಾರು. ಆ ಎರಡು ಮೀಸಲಾತಿಗೂ ಒಂದರಿಂದ ಹತ್ತರವರೆಗೆ ಪೂರ್ತಿ ಹಾಗೆಯೇ ಓದಿರಬೇಕು. ಒಂದು ವರ್ಷಕ್ಕಾಗಿ ಒಂಬತ್ತು ವರ್ಷ ದಂಡ. ನಿಮ್ಮ ಜಾತಿ ಪ್ರಮಾಣಪತ್ರವೂ ಅಷ್ಟೇ. ಅದು 2ಎ ಇರಲಿ, 3ಬಿ ಇರಲಿ, ಇಲ್ಲಿ ನಡೆಯುವುದಿಲ್ಲ. ಇಲ್ಲಿ ಅವಳು ಓಪನ್, ಅಂದರೆ ಸಾಮಾನ್ಯ ವರ್ಗ ಅಷ್ಟೇ.

ಅದಕ್ಕೇ ನನ್ನ ಸಲಹೆ: ಈ ಒಂದು ವರ್ಷ ನೀವೊಬ್ಬರೇ ಬನ್ನಿ. ಚಾಕಣ್ ಕಡೆ ರೂಮ್ ಹಂಚಿಕೊಂಡು ಇರುವವರು ಬೇಕಾದಷ್ಟು ಜನ. ಮನೆಯವರಿಗೆ ಕಷ್ಟ ಆಗುತ್ತದೆ, ಗೊತ್ತು. ಆದರೂ ಹತ್ತನೇ ಕ್ಲಾಸಿನ ಹುಡುಗಿಯನ್ನು ಮಹಾರಾಷ್ಟ್ರ ಬೋರ್ಡಿಗೆ ತಂದು, ಅದರ ಜೊತೆ ಮರಾಠಿ ಕಲಿಸಿ, ಹೊಸ ಗೆಳತಿಯರನ್ನು ಹುಡುಕಿಸುವುದು ಸುಮ್ನೆ ಹಿಂಸೆ.

ಹತ್ತು ಮುಗಿದ ಮೇಲೆ ಬಂದರೆ ಇಲ್ಲಿ ಹನ್ನೊಂದಕ್ಕೆ ಸೇರುವುದು ಆನ್‌ಲೈನ್‌ನಲ್ಲಿ. ಮೊದಲು ಪುಣೆ, ಮುಂಬೈಯಂಥ ಕಡೆ ಮಾತ್ರ ಇತ್ತು, 2025ರಿಂದ ಇಡೀ ರಾಜ್ಯಕ್ಕೆ ಬಂದಿದೆ. ಒಂದು ಮಾತು ನೆನಪಿಡಿ. ಪಟ್ಟಿಯಲ್ಲಿ ಮೊದಲು ಬರೆದ ಕಾಲೇಜೇ ಸಿಕ್ಕರೆ ಅಲ್ಲೇ ಸೇರಬೇಕು. ಬೇಡ ಅಂದರೆ ಮುಂದಿನ ರೆಗ್ಯುಲರ್ ರೌಂಡ್‌ಗಳು ಕೈತಪ್ಪುತ್ತವೆ. ಫರ್ಗ್ಯುಸನ್, ಎಸ್‌ಪಿ ಕಾಲೇಜು ಅಂತ ಹೆಸರು ನೋಡಿ ಬರೆಯಬೇಡಿ. ಮನೆ ಚಾಕಣ್ ಹತ್ತಿರ ಇದ್ದರೆ ನಾಶಿಕ್ ರಸ್ತೆಯ ಟ್ರಾಫಿಕ್‌ನಲ್ಲೇ ಅವಳ ಅರ್ಧ ದಿನ ಹೋಗುತ್ತದೆ. ನಿಗಡಿ, ಆಕುರ್ಡಿ ಕಡೆ ಮನೆ ಮಾಡಿ, ಅಲ್ಲೇ ಹತ್ತಿರದ ಕಾಲೇಜು ನೋಡಿ. ಎರಡನೇ ಭಾಷೆಗೆ ಮರಾಠಿಯೇ ಆಗಬೇಕೆಂದಿಲ್ಲ, ಸೈನ್ಸ್‌ನ ಮಕ್ಕಳು ಜಾಸ್ತಿ ಅದರ ಬದಲು ಐಟಿ ವಿಷಯ ತೆಗೆದುಕೊಳ್ಳುತ್ತಾರೆ.

ಇಲ್ಲಿನ ಗಾಳಿ ಬಗ್ಗೆ ಎಚ್ಚರ ಇರಲಿ. ಎಂಎಚ್‌ಟಿ-ಸಿಇಟಿಯ ರ‍್ಯಾಂಕ್‌ಗೆ ಹನ್ನೆರಡನೇ ಕ್ಲಾಸಿನ ಅಂಕ ಸೇರುವುದಿಲ್ಲ. ಅದಕ್ಕೇ ಪಕ್ಕದ ಬೆಂಚಿನವರು ಬೋರ್ಡ್ ಪರೀಕ್ಷೆಯನ್ನು ತಮಾಷೆ ಮಾಡುತ್ತಾರೆ, ಕ್ಲಾಸಿಗೆ ಹೋಗದೆ ಕೋಚಿಂಗ್‌ನಲ್ಲೇ ಇರುತ್ತಾರೆ. ನಿಮ್ಮ ಮಗಳು ಕೆಸಿಇಟಿ ಬರೆಯುವವಳು. ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಹನ್ನೆರಡರ ಅಂಕ, ಅರ್ಧ ಸಿಇಟಿ. ಅವಳು ಇವರ ತಾಳಕ್ಕೆ ಕುಣಿಯಬಾರದು.

ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಸಂಸ್ಥೆ ಸುರತ್ಕಲ್ ಎನ್‌ಐಟಿಯ ಆಸೆ ಇದ್ದರೆ ಮಾತ್ರ ಪಿಯುಸಿಯೂ ಕರ್ನಾಟಕದಲ್ಲೇ ಆಗಬೇಕು. ಎನ್‌ಐಟಿಯಲ್ಲಿ ತವರು ರಾಜ್ಯ ಅಂದರೆ ಹನ್ನೆರಡು ಪಾಸಾದ ರಾಜ್ಯ. ಪುಣೆಯಲ್ಲಿ ಬರೆದರೆ ಅವಳ ತವರು ನಾಗಪುರದ ಎನ್‌ಐಟಿ. ಅದೇನು ಕೆಟ್ಟದ್ದಲ್ಲ, ಆದರೆ ಗೊತ್ತಿದ್ದು ಆರಿಸಿ.

ಇನ್ನು ಆ 91ರ ಮಾತು. ಗಣಿತದಲ್ಲಿ ಪಾಠದ ಹಿಂದಿನ ಲೆಕ್ಕ ಬಿಟ್ಟು, ಹಿಂದೆ ನೋಡದ ಒಂದು ಲೆಕ್ಕ ಕೊಡಿ. ಗೈಡ್ ಹುಡುಕುತ್ತಾಳಾ, ಅರ್ಧ ಗಂಟೆ ಅದರ ಜೊತೆ ಗುದ್ದಾಡುತ್ತಾಳಾ ನೋಡಿ. ಗುದ್ದಾಡುವ ಮಗು ಎರಡು ವರ್ಷದಲ್ಲಿ ಎಲ್ಲಿಗೋ ಹೋಗುತ್ತದೆ. ಅವಳಿಗೆ ಇಂಜಿನಿಯರಿಂಗ್ ಬೇಕಾ ಅಂತಲೂ ಒಮ್ಮೆ ಕೇಳಿ ಸರ್, ನಿಮ್ಮ ಪ್ರಶ್ನೆಯಲ್ಲಿ ಅದು ಎಲ್ಲೂ ಇರಲಿಲ್ಲ.

ಷರತ್ತುಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಪಿಡಿ ಓದಿಯೇ ಹಾಕಿ. ಎಸ್‌ಎಸ್‌ಎಲ್‌ಸಿ ಮುಗಿದು ಊರು ಬಿಡುವ ಮೊದಲು ಓದಿದ ಎಲ್ಲ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ ಇಟ್ಟುಕೊಳ್ಳಿ. ಪುಣೆಯಲ್ಲಿ ಕೂತು ಆ ಸಹಿಗೆ ಓಡಾಡುವುದು ದೊಡ್ಡ ರಗಳೆ.