ಸಕ್ಕರೆಯ ಹೆಂಗಸು, ಕಾಕಂಬಿಯ ಹುಡುಗರು

ಪ್ರಶ್ನೆ: ಅಮೆರಿಕದಲ್ಲಿ ಯಾರೋ ಸಕ್ಕರೆಯಲ್ಲಿ ಮನೆಗಿಂತ ದೊಡ್ಡ ಹೆಂಗಸಿನ ಮೂರ್ತಿ ಮಾಡಿದ್ದರಂತೆ, ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಗೌರಿ ಹುಣ್ಣಿಮೆಗೆ ನಾವೂ ಸಕ್ಕರೆ ಗೊಂಬೆ ಮಾಡ್ತೀವಿ, ಅದನ್ನು ಯಾರೂ ಕಲೆ ಅನ್ನಲ್ಲ. ಇದರಲ್ಲೇನು ವಿಶೇಷ? ಸುಮ್ನೆ ಸಕ್ಕರೆ ಹಾಳಲ್ವಾ?
– ಓದುಗರೊಬ್ಬರು, ಮುಧೋಳ

ಉತ್ತರ: ಸುತ್ತಲೂ ಕಬ್ಬು ಇರುವ ಮುಧೋಳದಿಂದಲೇ ಈ ಪ್ರಶ್ನೆ ಬಂದಿದ್ದು ಖುಷಿಯಾಯಿತು.

ಅವರು ಕಾರಾ ವಾಕರ್, 1969ರಲ್ಲಿ ಹುಟ್ಟಿದ ಕಪ್ಪು ಅಮೆರಿಕನ್ ಕಲಾವಿದೆ. ಕಪ್ಪು ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ ಗುಲಾಮರ ಕಾಲದ ಕತೆ ಹೇಳಿ ಹೆಸರಾದವರು. ನೀವು ನೋಡಿದ ಮೂರ್ತಿಯನ್ನು 2014ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೆಡವಲು ಹೊರಟಿದ್ದ ಹಳೆಯ ಡಾಮಿನೊ ಸಕ್ಕರೆ ಕಾರ್ಖಾನೆಯೊಳಗೆ ಮಾಡಿದರು. ಸುಮಾರು 35 ಅಡಿ ಎತ್ತರ, 75 ಅಡಿ ಉದ್ದ. ಸಿಂಹದ ಹಾಗೆ ಕೂತ ಮೈ, ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸಿನ ಮುಖ, ಬಣ್ಣ ಮಾತ್ರ ಅಚ್ಚ ಬಿಳಿ. ಒಳಗೆ ಥರ್ಮಾಕೋಲ್, ಮೇಲಷ್ಟೇ ಸಕ್ಕರೆ, ಹಾಗಾಗಿ ಹಾಳಾಗಿದ್ದು ನೀವಂದುಕೊಂಡಷ್ಟಲ್ಲ!

ನನಗೆ ಮೂರ್ತಿಗಿಂತ ಜಾಸ್ತಿ ಕಾಡೋದು ಅದರ ಮುಂದೆ ನಿಂತ ಹುಡುಗರು. ಬುಟ್ಟಿ ಹೊತ್ತ, ಬಾಳೆಗೊನೆ ಹಿಡಿದ ಚಿಕ್ಕ ಕೂಲಿ ಹುಡುಗರು, ಮೈಯೆಲ್ಲ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕದ ಬಣ್ಣ. ಕೆಲವನ್ನು ಪೂರಾ ಸಕ್ಕರೆ ಪಾಕದಲ್ಲೇ ಎರೆದಿದ್ದರು. ಬೇಸಿಗೆಯ ಸೆಕೆಗೆ ಅವು ಕರಗಿದವು, ಕೈಕಾಲು ಕಳಚಿದವು, ನೆಲವೆಲ್ಲ ಅಂಟಂಟಾಯಿತು, ಮುರಿದ ಚೂರುಗಳನ್ನು ಉಳಿದ ಹುಡುಗರ ಬುಟ್ಟಿಗೇ ತುಂಬಿದರು. ಆಫ್ರಿಕಾದಿಂದ ಹಿಡಿದು ತಂದ ಜನ ಕೆರೀಬಿಯನ್ ದ್ವೀಪಗಳ ಕಬ್ಬಿನ ಹೊಲಗಳಲ್ಲಿ ಸವೆದು ಹೋದದ್ದನ್ನು ಇನ್ನು ಹೇಗೆ ತೋರಿಸೋದು ಹೇಳಿ? ಕಂಚಿನಲ್ಲಿ ಎರೆದಿದ್ದರೆ ಕರಗುತ್ತಿತ್ತಾ?

ಇನ್ನು ನಿಮ್ಮ ಗೊಂಬೆ ವಿಷಯ. ಹಿಂದೆ ಯುರೋಪಿನ ರಾಜರ ಊಟದ ಮೇಜಿಗೂ ಸಕ್ಕರೆ ಗೊಂಬೆ ಬರುತ್ತಿತ್ತು, ಅದಕ್ಕೆ 'ಸಟಲ್ಟಿ' ಅಂತಿದ್ದರು. ವಾಕರ್ ತಮ್ಮ ಕೃತಿಗೆ ಅದೇ ಹೆಸರಿಟ್ಟರು. ನನ್ನ ಕೇಳಿದರೆ ನಮ್ಮ ಸಕ್ಕರೆ ಆರತಿಯೂ ಕಲೆಯೇ. ಪಾಕದ ಹದ ನೋಡಿ, ಸೊಂಡಿಲು ಮುರಿಯದ ಹಾಗೆ ಮರದ ಅಚ್ಚಿನಿಂದ ಆನೆ ಬಿಡಿಸೋದು ಎಲ್ಲರಿಗೂ ಬರಲ್ಲ. ಆದರೆ ಸೀಸನ್‌ಗೆ ಗ್ಯಾಂಗ್ ಜೊತೆ ಬಂದು, ಕೂಸನ್ನು ರವದಿ (ಕಬ್ಬಿನ ಒಣ ಗರಿ) ಮೇಲೆ ಮಲಗಿಸಿ ಕಬ್ಬು ಕಡಿಯೋ ಹೆಂಗಸಿನ ಅಚ್ಚು ನಾನಂತೂ ಎಲ್ಲೂ ನೋಡಿಲ್ಲ. ನೀವು ನೋಡಿದ್ದೀರಾ?

ಪ್ರದರ್ಶನ ಮುಗಿದ ಮೇಲೆ ಮೂರ್ತಿ ಒಡೆದರು. ಎಡಗೈ ಒಂದನ್ನು ವಾಕರ್ ಉಳಿಸಿಕೊಂಡರು, ಬೆರಳುಗಳ ನಡುವೆ ಹೆಬ್ಬೆರಳು ತೂರಿಸಿದ ಮುಷ್ಟಿ ಅದು. ಕೆಲವು ದೇಶಗಳಲ್ಲಿ ಹಾಗೆ ತೋರಿಸಿದರೆ ಬೈದಂತೆ, ಇನ್ನು ಕೆಲವು ಕಡೆ ದೃಷ್ಟಿ ತಾಗದಿರಲಿ ಅಂತ.